ಸ್ವಾಮಿಯ ಕ್ರಿಕೆಟ್ ಸಂಘವೂ ನಮ್ಮ ಬಾಲಿಕೆಯರೂ

ಕಳೆದ ಮಕ್ಕಳ ದಿನಾಚರಣೆಯ ಸಂಜೆ ನಮ್ಮ ಶಾಲೆಯ ಸಭಾಮಂದಿರದಲ್ಲಿ ಬಿಳಿಯ ತೆರೆಯನ್ನು ಕಟ್ಟಿ, ದಿವಂಗತ ಶಂಕರನಾಗರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಮಾಲಿಕೆಯೊಳಗಣ ಸ್ವಾಮಿಯ ಕಥೆಯನ್ನು ತೋರಿಸಿದೆವು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಿಂದ ಬಂದು ನಮ್ಮಲ್ಲಿ ಓದುತ್ತಿರುವ ಬಾಲಿಕೆಯರೂ, ಅವರ ತಾಯಿತಂದೆಗಳಲ್ಲಿ ಕೆಲವರೂ, ಉಪಾಧ್ಯಾಯಿನಿಯರೂ, ಸಭಾಪಾಲಕರೂ ಕೂಡಿ ಕುಳಿತು ನೋಡಿದರು. ಚಿತ್ರದ ಮಾತು ಹಿಂದಿಯದಾದರೂ, ಬೀದಿಯಲ್ಲಿಯೂ ಸಂತೆಯಲ್ಲಿಯೂ ದಖನಿಯನ್ನು ಕೇಳುತ್ತ ಬೆಳೆದ ನಮ್ಮ ಸೀಮೆಯ ಮಕ್ಕಳಿಗೆ ಅದು ತೊಡಕಾಗಲಿಲ್ಲ. ಮರುದಿನದಿಂದ ನೋಡಿದವರ ಅಭಿಪ್ರಾಯಗಳು ಒಂದೊಂದಾಗಿ ನನ್ನ ಕೋಣೆಗೆ ಬರತೊಡಗಿದುವು. ಅವು ಒಂದಕ್ಕೊಂದು ಹೊಂದುವಂತಿರಲಿಲ್ಲ. ಆದುದರಿಂದ ಅವುಗಳನ್ನು ಈ ಸ್ಮರಣಸಂಚಿಕೆಯ ವಾಚಕರ ಮುಂದಿರಿಸಿ, ನನ್ನ ಮತವನ್ನೂ ಅರಿಕೆ ಮಾಡಿಕೊಳ್ಳುವೆನು.

ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಕಾದಂಬರಿಯು 1935ರಲ್ಲಿ ಪ್ರಕಟವಾಯಿತು. ಶಂಕರನಾಗರು ಮಲೆನಾಡಿನ ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿ ಅದನ್ನು ಚಿತ್ರಿಸಿದರು. ಮಾಸ್ಟರ್ ಮಂಜುನಾಥನು ಸ್ವಾಮಿಯಾದನು. ಗಿರೀಶ ಕಾರ್ನಾಡರು ಅವನ ತಂದೆಯಾದರು. ಇದೇ ಕಥೆಯು ‘ಸ್ವಾಮಿ’ ಎಂಬ ಚಲಚ್ಚಿತ್ರವಾಗಿಯೂ ಬಂದು, 1987ರ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕಥೆಯ ಉತ್ತರಾರ್ಧದಲ್ಲಿ ಗೆಳೆಯರು ಸೇರಿ ಎಂ. ಸಿ. ಸಿ. ಎಂಬ ಮಾಲ್ಗುಡಿ ಕ್ರಿಕೆಟ್ ಸಂಘವನ್ನು ಕಟ್ಟುತ್ತಾರೆ. ರಾಜಂ ಎಂಬವನು ನಾಯಕ. ಚೆಂಡೆಸೆಯುವುದರಲ್ಲಿ ಜಾಣನಾದ ಸ್ವಾಮಿಗೆ ಇಂಗ್ಲೆಂಡಿನ ಬೌಲರ್ ಟೇಟನ ಹೆಸರನ್ನಿಟ್ಟು ಹಿಗ್ಗಿಸುತ್ತಾರೆ. ನೆರೆಯ ತಂಡದೊಡನೆ ಪಂದ್ಯವೂ ಗೊತ್ತಾಗುತ್ತದೆ. ಆದರೆ ಶಾಲೆಯ ಕವಾಯತು ಮುಗಿಯುವಷ್ಟರಲ್ಲಿ ಹೊತ್ತು ಮುಳುಗುವುದರಿಂದ ಸ್ವಾಮಿಗೆ ಅಭ್ಯಾಸಕ್ಕೆ ಬಿಡುವಿಲ್ಲ. ತನ್ನ ಪರವಾಗಿ ಮಾತನಾಡಿರೆಂದು ಅವನು ವೈದ್ಯರನ್ನು ಬೇಡುತ್ತಾನೆ. ಅವರು ಮಾತುಕೊಟ್ಟು ನಡೆಸುವುದಿಲ್ಲ. ಕವಾಯತಿಗೆ ತಪ್ಪಿಸಿಕೊಂಡುದಕ್ಕಾಗಿ ಮುಖ್ಯೋಪಾಧ್ಯಾಯರು ಬೆತ್ತವನ್ನೆತ್ತಿದಾಗ ಅದನ್ನೇ ಕಸಿದು ಕಿಟಕಿಯಿಂದ ಹೊರಕ್ಕೆಸೆದು ಓಡಿಹೋಗುತ್ತಾನೆ. ಕಾಡಿನಲ್ಲಿ ದಾರಿ ತಪ್ಪಿ, ಹೇಗೋ ಮನೆಗೆ ಸೇರುವಷ್ಟರಲ್ಲಿ ಪಂದ್ಯವು ಸೋತುಹೋಗಿರುತ್ತದೆ. ಮನಸ್ತಾಪವು ತೀರುವ ಮೊದಲೇ ರಾಜಂ ರೈಲಿನಲ್ಲಿ ಊರು ಬಿಟ್ಟು ಹೋಗುತ್ತಾನೆ.

ಇಷ್ಟೇ ಕಥೆ. ಆದರೆ ಇದನ್ನು ನೋಡಿ ಮುಕ್ಕಾಲು ಭಾಗ ಹೊಟ್ಟೆ ಹಿಡಿದು ನಕ್ಕವರು ಕೊನೆಯಲ್ಲಿ ಕಣ್ಣೊರಸಿಕೊಂಡುದನ್ನು ನಾನು ಕಂಡೆನು. ಅಫಜಲಪುರದ ಕಡೆಯ ತಾಯಿಯೊಬ್ಬಳು ಹೊರಡುವಾಗ, “ನಕ್ಕು ನಕ್ಕು ಹೊಟ್ಟಿ ನೋಯ್ತ್ರಿ ಬಾಯೋರ, ಖರೆ ಆ ಕೂಸಿನ ಮಾತು ಯಾರೂ ಕೇಳಲಿಲ್ಲ ನೋಡ್ರಿ,” ಎಂದಳು. ಈ ಚಿತ್ರವನ್ನು ಕುರಿತು ನಾನು ಕೇಳಿದ ಮಾತುಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ನನ್ನ ಎಣಿಕೆ. ಆಕೆಗೆ ಅಕ್ಷರವು ಬಾರದು.

ವಿರೋಧವಾದ ಅಭಿಪ್ರಾಯಗಳೂ ಬಂದುವು. ಹಿರಿಯ ಪಾಲಕರೊಬ್ಬರು, ಗುರುವಿನ ಕೈಯ ಬೆತ್ತವನ್ನು ಕಸಿಯುವ ಹುಡುಗನನ್ನು ತೋರಿಸಿ ಚಪ್ಪಾಳೆ ಹೊಡೆಸುವುದು ಶಾಲೆಗೆ ತಕ್ಕುದೇ ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಬೆತ್ತವನ್ನೆಸೆದ ಸ್ವಾಮಿಗೆ ಕಥೆಗಾರರು ಯಾವ ಬಹುಮಾನವನ್ನೂ ಕೊಡಲಿಲ್ಲವೆಂಬುದನ್ನು ಗಮನಿಸಬೇಕು. ಕಾಡಿನ ಕತ್ತಲೆ, ತಂಡದ ಸೋಲು, ಮಿತ್ರನ ಅಗಲಿಕೆ, ಇವು ಅವನಿಗೆ ದೊರೆತ ಫಲ. ಅವಿಧೇಯತೆಯ ಬೆಲೆಯನ್ನು ಮರೆಮಾಚದ ಕಥೆಯು ಮಕ್ಕಳನ್ನು ಕೆಡಿಸಲಾರದು. ಅದರೊಡನೆ ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕಿನ ಕಾನೂನು ಮಕ್ಕಳಿಗೆ ದೇಹದಂಡನೆಯನ್ನು ನಿಷೇಧಿಸಿದೆ ಎಂಬುದನ್ನೂ ಸವಿನಯವಾಗಿ ಜ್ಞಾಪಿಸುವೆನು.

ಎರಡನೆಯ ಆಕ್ಷೇಪಣೆಯು ನಮ್ಮ ಸಭೆಯೊಳಗಿಂದಲೇ ಬಂದಿತು. ಸ್ವಾಮಿಯು ಮೊದಲು ಓದುವುದು ಆಲ್ಬರ್ಟ್ ಮಿಶನ್ ಶಾಲೆಯಲ್ಲಿ. ಅಲ್ಲಿಯ ಸತ್ಯವೇದದ ಉಪಾಧ್ಯಾಯರು ಹಿಂದೂ ದೇವತೆಗಳನ್ನು ಹಳಿಯುತ್ತಾರೆ. ಎದುರು ಪ್ರಶ್ನೆಯನ್ನು ಹಾಕಿದ ಹುಡುಗನ ಕಿವಿಯನ್ನು ಹಿಂಡುತ್ತಾರೆ. ತಂದೆಯು ಶಾಲೆಗೆ ದೂರಿನ ಪತ್ರವನ್ನು ಬರೆಯುತ್ತಾನೆ. ಮಿಶನ್ ಶಾಲೆಯೇ ಇಂಥ ಕಥೆಯನ್ನು ತನ್ನ ಮಂದಿರದಲ್ಲಿ ತೋರಿಸಬಹುದೇ ಎಂದು ಕೆಲವರು ನೊಂದುಕೊಂಡರು. ತೋರಿಸಲೇಬೇಕೆಂಬುದು ನನ್ನ ಉತ್ತರ. ನಾರಾಯಣರು ತಾವೇ ಮದರಾಸಿನ ಲೂಥರನ್ ಮಿಶನ್ ಶಾಲೆಯಲ್ಲಿ ಓದಿದವರು. ಅವರ ತಂದೆಯವರು ಮುಖ್ಯೋಪಾಧ್ಯಾಯರಾಗಿದ್ದವರು. ಶಾಲೆಯ ಒಳಹೊರಗನ್ನು ಬಲ್ಲವರ ನಗೆಯದು, ಹಗೆಯವರ ನಗೆಯಲ್ಲ. ನಾನೂ ಮಿಶನ್ ಶಾಲೆಯ ಅನ್ನವನ್ನುಂಡು ಬೆಳೆದವಳು. ಪರರ ದೇವರನ್ನು ಹಳಿದು ನಮ್ಮ ಕರ್ತನನ್ನು ಮಹಿಮೆಪಡಿಸಿದವರು ಯಾರೂ ಇಲ್ಲ. ನಮ್ಮಲ್ಲಿ ಗಾಣಗಾಪುರದ ದತ್ತನಿಗೆ ನಡೆದುಕೊಳ್ಳುವ ಮನೆಯ ಮಕ್ಕಳೂ, ಆಳಂದದ ಲಾಡ್ಲೇ ಮಶಾಕರ ದರ್ಗಕ್ಕೆ ನಡೆದುಕೊಳ್ಳುವ ಮನೆಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಾರೆ. ಅವರ ತಂದೆಗಳಾರೂ ಅಂತಹ ಪತ್ರವನ್ನು ನನಗೆ ಬರೆಯುವ ಪ್ರಸಂಗವು ಬಾರದಿರಲಿ.

ಮೂರನೆಯ ಅಭಿಪ್ರಾಯವನ್ನು ಹೇಳಿದವಳು ಎಂಟನೆಯ ತರಗತಿಯ ಒಬ್ಬ ಬಾಲಿಕೆ. “ಚಿತ್ರ ಭಾಳ ಛಲೋ ಐತ್ರಿ ಟೀಚರ್. ಆದರ ಆ ಸಂಘದಾಗ ಒಬ್ಬ ಹುಡುಗಿನೂ ಯಾಕಿಲ್ರಿ?” ಎಂದು ಕೇಳಿದಳು. ಕಥೆಯು ನಡೆಯುವುದು 1930ರಲ್ಲಿ, ಆಗ ಹುಡುಗಿಯರು ಅಂಗಳ ದಾಟಿ ಆಡುತ್ತಿರಲಿಲ್ಲವೆಂದು ಉತ್ತರವಿತ್ತೆನು. ಭಾರತದ ಸ್ತ್ರೀಯರು ತಮ್ಮ ಪ್ರಥಮ ಟೆಸ್ಟ್ ಪಂದ್ಯವನ್ನು 1976ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆಡಿದರೆಂದೂ, ಶಾಂತಾ ರಂಗಸ್ವಾಮಿಯವರು ನಾಯಕಿಯಾಗಿದ್ದರೆಂದೂ ಹೇಳಿದೆನು. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು ಕೇವಲ 15 ರನ್ನುಗಳಿಗೆ 5 ವಿಕೆಟ್ಟುಗಳನ್ನು ಪಡೆದುದನ್ನೂ, 2025ರ ನವೆಂಬರಿನಲ್ಲಿ ಭಾರತದ ಸ್ತ್ರೀಯರು ವಿಶ್ವಕಪ್ಪನ್ನೇ ಗೆದ್ದುದನ್ನೂ ತಿಳಿಸಿದೆನು. ಆಕೆಯು ಎಲ್ಲವನ್ನೂ ಕೇಳಿ, “ಹಂಗಾದರ ನಮಗ್ಯಾವಾಗ ಬಿಡ್ತೀರಿ?” ಎಂದಳು. ನನ್ನ ಬಾಯಿ ಕಟ್ಟಿತು.

ಬಾಯಿ ಕಟ್ಟಿದುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಜೇವರ್ಗಿ ಸೀಮೆಯ ಒಬ್ಬ ಬಾಲಿಕೆಯು ಖೋ ಖೋ ತಂಡದ ಆಯ್ಕೆಗಾಗಿ ಸಂಜೆಯ ಓದಿನ ಹೊತ್ತಿನಲ್ಲಿ ಒಂದು ಗಂಟೆಯ ಬಿಡುವನ್ನು ಬೇಡಿದ್ದಳು. ನಿಯಮವಿಲ್ಲವೆಂದು, ಹಾಜರಿ ಪುಸ್ತಕದಿಂದ ತಲೆಯನ್ನೆತ್ತದೆಯೇ ಹೇಳಿದ್ದೆನು. “ಆತ್ರಿ ಟೀಚರ್,” ಎಂದು ಅವಳು ಹೊರಟುಹೋದಳು. ಅವಳು ಬೆತ್ತವನ್ನು ಕಸಿಯಲಿಲ್ಲ, ಕಾಡಿಗೆ ಓಡಲಿಲ್ಲ. ಶಾಲೆ ಬಿಡುವ ತನಕ ನನ್ನಲ್ಲಿ ಮತ್ತೊಂದನ್ನು ಬೇಡಲೂ ಇಲ್ಲ. ಆ ಮೌನವನ್ನು ಆಗ ನಾನು ವಿಧೇಯತೆಯೆಂದು ಮೆಚ್ಚಿಕೊಂಡಿದ್ದೆನು. ತೆರೆಯ ಮೇಲೆ ಸ್ವಾಮಿಯ ಮುಖ್ಯೋಪಾಧ್ಯಾಯರನ್ನು ಕಂಡು ಮಕ್ಕಳೊಡನೆ ನಾನೂ ನಕ್ಕೆನು. ನಗುತ್ತಿದ್ದಂತೆಯೇ ಆ ಕುರ್ಚಿಯ ಮೇಲೆ ಕುಳಿತಿರುವವಳು ನಾನೇ ಎಂಬುದು ಹೊಳೆಯಿತು. ಹುಡುಗನು ಮೊರೆಯನ್ನು ಕೇಳದಿದ್ದರೆ ಓಡಿಹೋಗುತ್ತಾನೆ, ಊರೆಲ್ಲ ಹುಡುಕುತ್ತದೆ. ನಮ್ಮ ಸೀಮೆಯ ಹುಡುಗಿಯು ಓಡುವುದಿಲ್ಲ. ಒಳಗೇ ಕಳೆದುಹೋಗುತ್ತಾಳೆ, ಹುಡುಕುವವರು ಯಾರೂ ಇರುವುದಿಲ್ಲ.

ಆದುದರಿಂದ ಈ ಚಿತ್ರದ ನಗೆಯು ಮಕ್ಕಳ ಮೇಲಣ ನಗೆಯಲ್ಲ. ಹಿರಿಯರಾದ ನಮ್ಮ ಮೇಲಣದು ಎಂಬುದೇ ನನ್ನ ಅಭಿಪ್ರಾಯ. ಸ್ವಾಮಿಯು ಬೇಡಿದುದು ರಾಜ್ಯವನ್ನಲ್ಲ, ಸಂಜೆಯ ಸ್ವಲ್ಪ ಬೆಳಕನ್ನು. ನಮ್ಮ ಬಾಲಿಕೆಯರಿಗೂ ಅಷ್ಟೇ ಬೇಕಾಗಿರುವುದು. ಆದರೆ ಮನೆಗೆ ಹೋದವಳಿಗೆ ಕೊಡ ಕಾದಿರುತ್ತದೆ, ತಮ್ಮ ಕಾದಿರುತ್ತಾನೆ, ತೊಗರಿಯ ರಾಶಿಯ ಕಾಲದಲ್ಲಿ ಕಣವೂ ಕಾದಿರುತ್ತದೆ. ದೊಡ್ಡವಳಾದಳೆಂದರೆ ಬಯಲಿನ ಆಟವೇ ನಿಂತಿತು. ಶಾಲೆಯ ಹೊತ್ತಿನಲ್ಲಿ ದೊರೆಯದ ಆಟವು ಅವಳಿಗೆ ಇನ್ನೆಲ್ಲಿಯೂ ದೊರೆಯದು.

ಹೀಗಿರಲಾಗಿ ಮುಂದಿನ ವರ್ಷದಿಂದ ಕೊನೆಯ ಗಂಟೆಯನ್ನು, ಎಲ್ಲ ತರಗತಿಯವರಿಗೂ ಸರದಿಯಂತೆ, ಊರಿನ ಬಸ್ಸಿನ ಹೊತ್ತಿಗೆ ಮುಂಚೆಯೇ ಮುಗಿಯುವಂತೆ, ಆಟಕ್ಕಾಗಿ ಮೀಸಲಿಡಲು ನಿಶ್ಚಯಿಸಿರುವೆನು. ಪರೀಕ್ಷೆಯ ತಿಂಗಳಲ್ಲಿಯೂ ಅದನ್ನು ಗಣಿತಕ್ಕಾಗಿ ಕಸಿಯಲಾಗದು. ಬೇಡಿ ಬಂದ ಮಗುವಿಗೆ ಇಲ್ಲವೆನ್ನಬೇಕಾದರೂ, ತಲೆಯನ್ನೆತ್ತಿ, ಮುಖವನ್ನು ನೋಡಿ, ಕಾರಣವನ್ನು ಕೇಳಿದ ಮೇಲೆಯೇ ಹೇಳತಕ್ಕದ್ದೆಂದು ನನಗೆ ನಾನೇ ನಿಯಮವನ್ನು ಮಾಡಿಕೊಂಡಿರುವೆನು. ಪಾಲಕರು ಆ ಒಂದು ಗಂಟೆಯನ್ನು ವ್ಯರ್ಥವೆಂದೆಣಿಸದೆ ಸಹಕರಿಸಬೇಕಾಗಿ ಪ್ರಾರ್ಥನೆ.

ಪ್ರವಾದಿಯಾದ ಜೆಕರ್ಯನು, ಹಾಳಾದ ಯೆರೂಸಲೇಮು ದೇವರ ದಯೆಯಿಂದ ಮತ್ತೆ ತುಂಬುವ ದಿನವನ್ನು ಮುಂಗಂಡಾಗ, ಬೀದಿಗಳಲ್ಲಿ ಆಡುವ ಬಾಲಕರನ್ನು ಮಾತ್ರವಲ್ಲ, ಬಾಲಕಿಯರನ್ನೂ ಕಂಡನು. ಎರಡು ಸಾವಿರ ವರ್ಷಗಳಿಗಿಂತ ಹಳೆಯದಾದ ಆ ದರ್ಶನವು ಭೀಮಾತೀರದ ನಮ್ಮ ಸೀಮೆಯಲ್ಲಿಯೂ ನೆರವೇರಲಿ. ಆ ಎಂಟನೆಯ ತರಗತಿಯ ಬಾಲಿಕೆಯ ಪ್ರಶ್ನೆಗೆ ನನ್ನ ಉತ್ತರವು ತಡವಾಗಿ ಬಂದಿದೆ. ಆದರೆ ಬಂದಿದೆ: ಮಗಳೇ, ಈ ಜೂನಿನಿಂದ.