ಸೇಬಿನ ‘ಬೆಣ್ಣೆ’: ಸಕ್ಕರೆ ತಗ್ಗಿದರೆ ಬಾಳಿಕೆಯೂ ತಗ್ಗುತ್ತದೆ

ಹೆಸರಿನಲ್ಲಿ ಬೆಣ್ಣೆ ಇದೆ, ಬಾಟಲಿಯಲ್ಲಿ ಬೆಣ್ಣೆಯ ಸುಳಿವೂ ಇಲ್ಲ. ‘ಆ್ಯಪಲ್ ಬಟರ್’ ಎಂದರೆ ಸೇಬನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ನೀರು ಇಂಗಿಸಿ, ರೊಟ್ಟಿಗೆ ಬೆಣ್ಣೆಯಂತೆ ಸವರಲು ಬರುವಷ್ಟು ನುಣ್ಣಗೆ ಮಾಡಿದ ಹಣ್ಣಿನ ಪಾಕ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ವಲಸಿಗರು ಇದನ್ನು ಅಂಗಳದಲ್ಲಿ ದೊಡ್ಡ ತಾಮ್ರದ ಹಂಡೆಯಿಟ್ಟು, ದಿನವಿಡೀ ತಿರುವುತ್ತಾ ಮಾಡುತ್ತಿದ್ದರು. ನಮ್ಮ ಆಲೆಮನೆಯ ಕೊಪ್ಪರಿಗೆಯನ್ನು ನೆನೆಸಿಕೊಂಡರೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಈಗ ಆ ಕೆಲಸವನ್ನು ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆ ಮಾಡುತ್ತದೆ.

ಇದು ಚಿತ್ರದುರ್ಗದ ಅಡುಗೆಮನೆಗೂ ಬಂದಿದೆ. ಮಗಳೋ ಸೊಸೆಯೋ ಅಮೆರಿಕದಲ್ಲಿದ್ದರೆ ಅಲ್ಲಿ ಕಲಿತದ್ದನ್ನು ರಜೆಗೆ ಬಂದಾಗ ಇಲ್ಲಿಯೂ ಮಾಡಿ ತೋರಿಸುತ್ತಾರೆ. ಅಂಗಡಿಯ ಜಾಮ್ ಬೇಡ, ಮನೆಯಲ್ಲೇ ಮಾಡೋಣ ಎಂಬ ಆಸೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಎರಡು ನಂಬಿಕೆಗಳು ಬರುತ್ತವೆ. ಮನೆಯಲ್ಲಿ ಮಾಡಿದ್ದು, ಆದ್ದರಿಂದ ಮಧುಮೇಹಿಗಳೂ ಧಾರಾಳವಾಗಿ ತಿನ್ನಬಹುದು ಎನ್ನುವುದು ಒಂದು. ಬಾಟಲಿಗೆ ತುಂಬಿದ್ದು, ಆದ್ದರಿಂದ ಉಪ್ಪಿನಕಾಯಿಯ ಹಾಗೆ ವರ್ಷವಿಡೀ ಇರುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು.

ಮೊದಲು ಸಿಹಿಯ ಲೆಕ್ಕ ನೋಡೋಣ. ನೂರು ಗ್ರಾಂ ಸೇಬಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಸಹಜವಾಗಿಯೇ ಇರುತ್ತದೆ. ಎರಡು ಕಿಲೋ ಹಣ್ಣನ್ನು ಹೆಚ್ಚಿ ಬೇಯಿಸಿದರೆ ಕೊನೆಗೆ ಉಳಿಯುವುದು ಮುಕ್ಕಾಲು ಕಿಲೋ ಆಸುಪಾಸು. ಆವಿಯಾಗಿ ಹೋದದ್ದು ನೀರು ಮಾತ್ರ, ಸಕ್ಕರೆ ಅಲ್ಲೇ ಇದೆ. ಅಂದರೆ ಮೇಲೆ ಚಿಟಿಕೆ ಸಕ್ಕರೆ ಹಾಕದಿದ್ದರೂ ಪಾಕದ ಸುಮಾರು ಕಾಲು ಭಾಗ ಸಕ್ಕರೆಯೇ. ಅದಕ್ಕೆ ಅರ್ಧ ಕಿಲೋ ಬೆಲ್ಲ ಸುರಿದರೆ ಪ್ರತಿ ಚಮಚದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯಾಯಿತು.

‘ಡಾಕ್ಟ್ರೇ, ಸಕ್ರೆ ಮುಟ್ಟೇ ಇಲ್ಲ, ಎಲ್ಲಾ ಬೆಲ್ಲದಲ್ಲೇ ಮಾಡಿದ್ದು’ ಎಂಬ ಮಾತನ್ನು ವೈದ್ಯರು ದಿನವೂ ಕೇಳುತ್ತೇವೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಇದು ಬೆಲ್ಲದ್ದು, ಇದು ಸಕ್ಕರೆಯದ್ದು ಎಂಬ ಭೇದ ದೇಹಕ್ಕೆ ಗೊತ್ತಾಗುವುದಿಲ್ಲ. ಜೇನುತುಪ್ಪದ ಕಥೆಯೂ ಇಷ್ಟೇ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ಬೆರೆಸಿದ್ದನ್ನು ನೆಕ್ಕಿಸಲೇಬಾರದು.

ಬೆಲ್ಲ, ಜೇನು, ಹಣ್ಣಿನ ರಸವೂ ಸೇರಿದಂತೆ ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ನ್ನು ದಾಟಬಾರದು, ಶೇ. 5ರೊಳಗಿದ್ದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ಎರಡು ಮೂರು ಲೋಟ ಕಾಫಿ, ಟೀ ಕುಡಿಯುವ ನಮ್ಮ ಮನೆಗಳಲ್ಲಿ ಆ ಪಾಲು ಬೆಳಗಿನ ಹೊತ್ತಿಗೇ ಮುಗಿದಿರುತ್ತದೆ. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ ಅಧ್ಯಯನ 2023ರಲ್ಲಿ ತಿಳಿಸಿತು. ಪ್ರೀತಿಯಿಂದ ಅಜ್ಜನ ತಟ್ಟೆಗೆ ಬಡಿಸುವ ಎರಡು ಚಮಚವನ್ನೂ ಲೆಕ್ಕಕ್ಕೆ ಹಿಡಿಯಬೇಕಾದ ಕಾಲ ಇದು.

ಹಾಗಾದರೆ ಬೆಲ್ಲ, ಸಕ್ಕರೆ ಎರಡನ್ನೂ ಬಿಟ್ಟುಬಿಡೋಣ ಎನ್ನುತ್ತೀರಾ? ಬಿಡಿ, ಸಂತೋಷ. ಆದರೆ ಆಗ ಎರಡನೆಯ ನಂಬಿಕೆಯನ್ನೂ ಬಿಡಬೇಕಾಗುತ್ತದೆ. ಜಾಮಿನಲ್ಲಿ ಸಕ್ಕರೆ ಇರುವುದು ರುಚಿಗಷ್ಟೇ ಅಲ್ಲ. ದಟ್ಟವಾದ ಸಕ್ಕರೆ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವೂ ಇದೇ. ಮಾರಾಟದ ಜಾಮಿನಲ್ಲಿ ಕರಗಿದ ಘನಾಂಶ ಶೇ. 65ಕ್ಕೆ ಕಡಿಮೆಯಿರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಸಕ್ಕರೆಯಿಲ್ಲದ ಸೇಬಿನ ಪಾಕಕ್ಕೆ ಹುಳಿಯೊಂದೇ ಕಾವಲು. ಹುಳಿ ಬ್ಯಾಕ್ಟೀರಿಯಾಗಳನ್ನು ತಡೆದೀತು, ಆದರೆ ಬೂಷ್ಟು ಹುಳಿಗೆ ಹೆದರುವುದಿಲ್ಲ. ಆದ್ದರಿಂದ ಸಕ್ಕರೆಯೂ ಕಡಿಮೆ, ಬಾಳಿಕೆಯೂ ಹೆಚ್ಚು ಎಂಬುದು ಒಟ್ಟಿಗೆ ಸಿಗುವ ಭಾಗ್ಯವಲ್ಲ. ನನ್ನನ್ನು ಕೇಳಿದರೆ ಬಾಳಿಕೆಯನ್ನೇ ಬಿಟ್ಟುಕೊಡಿ. ಸ್ವಲ್ಪ ಮಾಡಿ, ಬೇಗ ಮುಗಿಸಿ.

ಮಾಡುವ ಬಗೆ ಸುಲಭ. ಎರಡು ಕಿಲೋ ಸೇಬನ್ನು ಚೆನ್ನಾಗಿ ತೊಳೆದು, ಬೀಜದ ಭಾಗ ತೆಗೆದು, ಸಿಪ್ಪೆ ಸಹಿತ ಹೆಚ್ಚಿಕೊಳ್ಳಿ. ನಾರಿನಂಶ ಮತ್ತು ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಸಿಪ್ಪೆಯಲ್ಲಿ ಚೆನ್ನಾಗಿರುತ್ತವೆ. ಒಂದು ಲೋಟ ನೀರು, ಒಂದು ನಿಂಬೆಹಣ್ಣಿನ ರಸ, ಒಂದು ತುಂಡು ಚಕ್ಕೆ, ಎರಡು ಲವಂಗ ಸೇರಿಸಿ. ಸ್ಲೋ ಕುಕ್ಕರ್‌ನಲ್ಲಿ ಕಡಿಮೆ ಶಾಖಕ್ಕೆ ಎಂಟರಿಂದ ಹತ್ತು ಗಂಟೆ ಬೇಕು. ಮುಚ್ಚಳ ಬಿಗಿಯಾಗಿದ್ದರೆ ನೀರು ಇಂಗುವುದಿಲ್ಲವಾದ್ದರಿಂದ ಕೊನೆಯ ಎರಡು ಗಂಟೆ ಅದನ್ನು ಓರೆಯಾಗಿಡಿ. ಚಕ್ಕೆ, ಲವಂಗ ತೆಗೆದು, ಆರಿದ ಮೇಲೆ ಮಿಕ್ಸಿಯಲ್ಲಿ ತಿರುವಿ, ಮತ್ತೊಮ್ಮೆ ಕುದಿಸಿ. ಒಂದು ಚಮಚ ತಟ್ಟೆಗೆ ಹಾಕಿದಾಗ ಸುತ್ತ ನೀರು ಬಿಡದಿದ್ದರೆ ಹದ ಬಂದಂತೆ.

ಕುಕ್ಕರ್ ಇಲ್ಲದವರು ಕೊರಗಬೇಕಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಿಟ್ಟು, ಆಗಾಗ ಕೈಯಾಡಿಸುತ್ತಾ ಎರಡು ಮೂರು ಗಂಟೆ ಬೇಯಿಸಿದರೂ ಅದೇ ಪಾಕ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆ ಮಾತ್ರ ಬೇಡ, ಹುಳಿಗೆ ಲೋಹ ಕರಗುತ್ತದೆ. ಅಮೆರಿಕದಿಂದ ತಂದ ಕುಕ್ಕರ್ 120 ವೋಲ್ಟಿನದು, ನಮ್ಮ ಮನೆಯ ವಿದ್ಯುತ್ 230 ವೋಲ್ಟ್ ಎಂಬುದು ನೆನಪಿರಲಿ. ನೇರ ಸಿಕ್ಕಿಸಿದರೆ ಸುಟ್ಟೀತು. ನಡುವೆ ಕರೆಂಟ್ ಹೋಗಿ ಬೇಗ ಬಾರದಿದ್ದರೆ, ಅರೆಬೆಂದದ್ದನ್ನು ಉಗುರುಬೆಚ್ಚಗೆ ಬಿಡದೆ ಒಲೆಯ ಮೇಲಿಟ್ಟು ಕುದಿಸಿ ಮುಗಿಸಿ.

ಇನ್ನು ಹಣ್ಣಿನ ಆಯ್ಕೆ. ಹೇಗೂ ಬೇಯಿಸುತ್ತೇವಲ್ಲ ಎಂದು ಕೊಳೆತ ಸೇಬನ್ನು ಅಗ್ಗಕ್ಕೆ ತರಬೇಡಿ. ಕೊಳೆತ ಸೇಬಿನಲ್ಲಿ ಬೆಳೆಯುವ ಒಂದು ಶಿಲೀಂಧ್ರ ಪ್ಯಾಟುಲಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಕುದಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಪೆಟ್ಟು ಬಿದ್ದು ಕಂದಿದ ಭಾಗವನ್ನು ಕೊಯ್ದು ತೆಗೆಯಬಹುದು, ಕೊಳೆತು ಬೂಷ್ಟು ಹಿಡಿದ ಹಣ್ಣನ್ನು ಇಡಿಯಾಗಿ ಎಸೆಯಬೇಕು.

ಸೇಬೇ ಆಗಬೇಕೆಂದೂ ಇಲ್ಲ. ಕಾಶ್ಮೀರ, ಹಿಮಾಚಲದಿಂದ ಲಾರಿಯಲ್ಲಿ ಬರುವ ಹಣ್ಣಿಗಿಂತ ನಮ್ಮ ಸಂತೆಯ ಸೀಬೆಹಣ್ಣು ಅಗ್ಗ. ಅದರಲ್ಲೂ ಪೆಕ್ಟಿನ್ ಹೇರಳ, ಬೇಯಿಸಿ ಜರಡಿಯಲ್ಲಿ ಬೀಜ ಸೋಸಿದರೆ ಸೊಗಸಾದ ಪಾಕವಾಗುತ್ತದೆ. ಪರಂಗಿಗೆ ಹುಳಿ ಸಾಲದು, ನಿಂಬೆರಸ ಹೆಚ್ಚು ಹಾಕಿ ಎರಡು ಮೂರು ದಿನದಲ್ಲಿ ಮುಗಿಸಬೇಕು. ಸೀತಾಫಲವನ್ನು ಒಲೆಗೆ ತರಬೇಡಿ, ಕಾಯಿಸಿದರೆ ಕಹಿಯಾಗುತ್ತದೆ.

ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದ ಚಿಕ್ಕ ಗಾಜಿನ ಬಾಟಲಿಗಳಲ್ಲಿ ಪಾಕ ತುಂಬಿ ಫ್ರಿಜ್ಜಿನಲ್ಲಿಡಿ. ಒಣ ಚಮಚ ಬಳಸಿ, ಎರಡು ವಾರದೊಳಗೆ ಮುಗಿಸಿ. ಹೆಚ್ಚಾದದ್ದನ್ನು ಫ್ರೀಜರಿನಲ್ಲಿ ಇಡಬಹುದು. ಮೇಲೆ ಬೂಷ್ಟು ಕಂಡರೆ ಅಷ್ಟನ್ನೇ ತೆಗೆದು ಉಳಿದದ್ದನ್ನು ತಿನ್ನುವ ಜಿಪುಣತನ ಬೇಡ, ಇಡೀ ಬಾಟಲಿ ಚೆಲ್ಲಿ. ಬೆಂಗಳೂರಿನ ಮಗನಿಗೆ ಬಸ್ಸಿನಲ್ಲಿ ಕಳಿಸುವುದಾದರೆ, ತಲುಪಿದ ಕೂಡಲೇ ಫ್ರಿಜ್ಜಿಗೆ ಸೇರಿಸಲು ಹೇಳಿ.

ಮಕ್ಕಳ ಚಪಾತಿಗೆ ಒಂದು ಚಮಚ ಸವರಿ ಡಬ್ಬಿಗೆ ಹಾಕಿ, ಅಂಗಡಿ ಜಾಮಿಗಿಂತ ಖಂಡಿತ ಮೇಲು. ಆದರೆ ಜಾಮಿನ ಬದಲಿಗೆ, ಜಾಮಿನ ಜೊತೆಗಲ್ಲ. ಮಧುಮೇಹಿಗಳು ಸಕ್ಕರೆ ಹಾಕದ ಪಾಕವನ್ನು ಒಂದು ಟೀ ಚಮಚದಷ್ಟು, ಊಟದ ಭಾಗವಾಗಿ ತಿಂದರೆ ಸಾಕು. ಹಲ್ಲು ಗಟ್ಟಿಯಿರುವವರಿಗೆ ಇಡೀ ಸೇಬೇ ಉತ್ತಮ. ಅಗಿದು ತಿನ್ನುವ ಹಣ್ಣು ಹೊಟ್ಟೆಯನ್ನೂ ತುಂಬುತ್ತದೆ, ಒಂದಕ್ಕೇ ನಿಲ್ಲಿಸುತ್ತದೆ. ಪಾಕದ ಚಮಚ ಅಷ್ಟಕ್ಕೆ ನಿಲ್ಲುವುದಿಲ್ಲ.