ಸಂಘದ ಲೆಕ್ಕ ಗಣಕಯಂತ್ರಕ್ಕೆ ಹೋಗುವ ಮುನ್ನ

ಹೊಸ ತಳಿಯ ಬೀಜ ಬಂದಿದೆಯೆಂದು ಕೇಳಿದ ಕೂಡಲೇ ಅನುಭವಸ್ಥ ರೈತನು ಇದ್ದ ಹೊಲವನ್ನೆಲ್ಲ ಅದಕ್ಕೆ ಬಿಟ್ಟುಕೊಡುವುದಿಲ್ಲ. ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತಾನೆ. ಪಕ್ಕದಲ್ಲಿಯೇ ಹಳೆಯ ತಳಿಯನ್ನೂ ಹಾಕಿರುತ್ತಾನೆ. ಮಳೆ ಕೈಕೊಟ್ಟಾಗ ಯಾವುದು ತಾಳಿತು, ರೋಗಕ್ಕೆ ಯಾವುದು ಬಿದ್ದಿತು, ಕಣದಲ್ಲಿ ಎಷ್ಟು ರಾಶಿಯಾಯಿತು ಎಂಬುದನ್ನು ಕಂಡ ಮೇಲೆಯೇ ಮುಂದಿನ ವರ್ಷದ ಮಾತು. ಸಂಶೋಧನಾ ಕೇಂದ್ರಗಳ ಕ್ರಮವೂ ಇದೇ. ಕೇಂದ್ರದ ತಾಕಿನಲ್ಲಿ ಪರೀಕ್ಷೆ, ಬೇರೆ ಬೇರೆ ಸ್ಥಳಗಳಲ್ಲಿ ಪ್ರಯೋಗ, ರೈತರ ಹೊಲದಲ್ಲಿ ಪ್ರಾತ್ಯಕ್ಷಿಕೆ, ಅನಂತರ ಬಿಡುಗಡೆ.

ಇದೇ ಎಚ್ಚರಿಕೆ ಈಗ ಇನ್ನೊಂದು ಹೊಸ ವಸ್ತುವಿನ ವಿಷಯದಲ್ಲಿ ಬೇಕಾಗಿದೆ. ನಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರವನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಆಗ ಹಾಕಿಕೊಂಡ ಗುರಿ 63 ಸಾವಿರ ಸಂಘಗಳು. ಐದು ವರ್ಷಗಳಿಗೆ ಅಂದಾಜು ವೆಚ್ಚ 2,516 ಕೋಟಿ ರೂಪಾಯಿ. ದೇಶದ ಸಂಘಗಳೆಲ್ಲ ಒಂದೇ ಬಗೆಯ ತಂತ್ರಾಂಶದಲ್ಲಿ ಲೆಕ್ಕ ಇಡಬೇಕು, ಅದು ಜಿಲ್ಲಾ ಬ್ಯಾಂಕ್ ಹಾಗೂ ರಾಜ್ಯ ಬ್ಯಾಂಕುಗಳ ಮೂಲಕ ನಬಾರ್ಡಿನವರೆಗೆ ಕೂಡಿಕೊಳ್ಳಬೇಕು ಎಂಬುದು ಉದ್ದೇಶ. 2024ರ ಫೆಬ್ರವರಿಯಲ್ಲಿ 18 ಸಾವಿರ ಸಂಘಗಳ ಗಣಕೀಕರಣವನ್ನು ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು.

ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಬಂದು ಮೇಜಿನ ಮೇಲೆ ಕುಳಿತ ಮಾತ್ರಕ್ಕೆ ವ್ಯವಸ್ಥೆ ಬಂದಂತಾಗದು. ಅದನ್ನು ಪರೀಕ್ಷಿಸುವುದು, ಜಾರಿಗೆ ತರುವುದು, ತಂದ ಮೇಲೆ ಕೆಟ್ಟಾಗ ನೆರವಿಗೆ ನಿಲ್ಲುವುದು ಈ ಮೂರಕ್ಕೂ ಮೊದಲೇ ಯೋಜನೆ ಬೇಕು.

ಕುಷ್ಟಗಿ ತಾಲ್ಲೂಕಿನ ಮಟ್ಟಿಗೆ ಇದು ಸಣ್ಣ ಮಾತಲ್ಲ. ನಮ್ಮದು ಬಹುಪಾಲು ಮಳೆಯಾಶ್ರಿತ ಒಕ್ಕಲುತನ. ಸಜ್ಜೆ, ಹೆಸರು, ತೊಗರಿ, ಮೆಕ್ಕೆಜೋಳ, ಶೇಂಗಾ, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಯಾವುದೇ ಇರಲಿ, ಭೂಮಿ ಹಸಿಯಾದ ನಾಲ್ಕು ದಿನದಲ್ಲಿ ಬೀಜ ಬೀಳಬೇಕು. ಆ ನಾಲ್ಕು ದಿನದಲ್ಲಿ ಸಂಘದ ಸಾಲ, ಗೊಬ್ಬರ ಸಿಗದಿದ್ದರೆ ರೈತನು ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗುತ್ತಾನೆ. ಬೆಳೆಸಾಲದ ಮೇಲಿನ ಬಡ್ಡಿರಹಿತ ಸವಲತ್ತು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಕಟ್ಟಿದ ದಿನಾಂಕ ತಪ್ಪಾಗಿ ಬಿದ್ದರೆ ಪ್ರಾಮಾಣಿಕ ಸದಸ್ಯನೂ ಸುಸ್ತಿದಾರನಾಗುತ್ತಾನೆ. ಬೆಳೆ ವಿಮೆಗೆ ರೈತನು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ ಒಂದೂವರೆಯಂತೆ ಕಂತು ಕಟ್ಟುತ್ತಾನೆ. ತೊಗರಿ ಬಿತ್ತಿದವನ ಹೆಸರಿನ ಮುಂದೆ ಹೆಸರುಕಾಳು ಎಂದು ದಾಖಲಾದರೆ, ಬೆಳೆ ಹೋದ ವರ್ಷ ಪರಿಹಾರಕ್ಕೂ ಸಂಚಕಾರ.

ಭೂಮಿ ಯೋಜನೆಯ ಪಾಠ

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಪಹಣಿಯ ಗಣಕೀಕರಣದ ಇತಿಹಾಸವನ್ನು ನೋಡಿದರೆ ಮಾಡಬೇಕಾದದ್ದು, ಮಾಡಬಾರದ್ದು ಎರಡೂ ಕಾಣುತ್ತವೆ. 1991ರಲ್ಲಿ ನಮ್ಮ ಭಾಗದ್ದೇ ಆದ ಗುಲಬರ್ಗಾ ಜಿಲ್ಲೆಯಲ್ಲಿ ಮೊದಲ ಪ್ರಯೋಗ ಆರಂಭವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಪಹಣಿ ದಿನದಿನವೂ ಬದಲಾಗುವುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿಗೆ ಯಂತ್ರ ಕೊಡುವ ಏರ್ಪಾಡೇ ಆಗ ಇರಲಿಲ್ಲ. ಒಮ್ಮೆ ತುಂಬಿದ ಮಾಹಿತಿ, ಖಾತೆ ಬದಲಾದಂತೆ ಬದಲಾಗದೆ ಹಳಸಿಹೋಯಿತು. ಕೆಲಸ ನಡೆಯುವ ಜಾಗದಲ್ಲಿ ಯಂತ್ರವಿಲ್ಲದಿದ್ದರೆ ಮಾಹಿತಿ ಬದುಕುವುದಿಲ್ಲ ಎಂಬುದು ಮೊದಲ ಪಾಠ.

ಅನಂತರ ಬಂದ ‘ಭೂಮಿ’ ಯೋಜನೆ ಈ ಕೊರತೆಯನ್ನು ತುಂಬಿತು. ತಾಲ್ಲೂಕು ಕಚೇರಿಯಲ್ಲಿಯೇ ಯಂತ್ರ ಇಡಲಾಯಿತು. ತುಂಬಿದ ಮಾಹಿತಿಯನ್ನು ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಲಾಯಿತು. ಯಾರು ತಿದ್ದಿದರೆಂಬುದು ತಿಳಿಯಲು ಸಿಬ್ಬಂದಿಯ ಬೆರಳಚ್ಚು ಬೇಕೆಂದು ಮಾಡಲಾಯಿತು. ಒಳಗೆ ಏನು ನಡೆಯುತ್ತಿದೆಯೆಂದು ರೈತನಿಗೂ ಕಾಣುವಂತೆ ಕಿಂಡಿಯ ಕಡೆಗೆ ಎರಡನೆಯ ಪರದೆಯನ್ನು ತಿರುಗಿಸಿ ಇಡಲಾಯಿತು. 177 ತಾಲ್ಲೂಕುಗಳು, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ಆಗ 15 ರೂಪಾಯಿಗೆ ಪಹಣಿ ಕೈಗೆ ಸಿಗುತ್ತಿತ್ತು. ಹೊಸದು ಸಿದ್ಧವಾದ ಮೇಲೆಯೇ ಕೈಬರಹದ ಪಹಣಿಯನ್ನು ನಿಲ್ಲಿಸಿದರೆಂಬುದು ಎರಡನೆಯ ಪಾಠ.

ಮೂರನೆಯ ಪಾಠ ಕಹಿಯಾದುದು. ಹಳೆಯ ಪುಸ್ತಕದಲ್ಲಿದ್ದ ತಪ್ಪು ಯಂತ್ರಕ್ಕೆ ಹೋದ ಮೇಲೆ ಇನ್ನೂ ಗಟ್ಟಿಯಾಯಿತು. ಪಹಣಿಯ ಕಲಂ 3 ಮತ್ತು ಕಲಂ 9ರ ವಿಸ್ತೀರ್ಣ ಒಂದಕ್ಕೊಂದು ಹೊಂದುವುದಿಲ್ಲವೆಂದು ಎಷ್ಟು ರೈತರು ಎಷ್ಟು ವರ್ಷ ಅಲೆದಿದ್ದಾರೆಂಬುದನ್ನು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. 2018ರ ಸಾಲಮನ್ನಾದಲ್ಲಿಯೂ ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ಹೊಂದಬೇಕಾಗಿತ್ತು. ಒಂದರಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ ಎಂದಿದ್ದರೆ ಊರಿನ ಮಂದಿಗೆ ಒಬ್ಬನೇ ಮನುಷ್ಯ, ಯಂತ್ರಕ್ಕೆ ಇಬ್ಬರು.

ಮೊದಲು ಪುಸ್ತಕ ಹಸನಾಗಲಿ

ಆದ್ದರಿಂದ ಮೊದಲ ಕೆಲಸ ಯಂತ್ರದ್ದಲ್ಲ, ಪುಸ್ತಕದ್ದು. ಬಿತ್ತುವ ಮುನ್ನ ಹರಗಿ ಕಸ ತೆಗೆಯುವಂತೆ ಖಾತೆ ಪುಸ್ತಕವನ್ನು ಹಸನು ಮಾಡಬೇಕು. ಸಂಘದಲ್ಲಿ 800 ಸದಸ್ಯರಿದ್ದಾರೆ ಎನ್ನೋಣ. ದಿನಕ್ಕೆ 20 ಜನರಂತೆ ಕರೆದು ಹೆಸರು, ಪಾಲು ಬಂಡವಾಳ, ಠೇವಣಿ, ಸಾಲದ ಬಾಕಿ, ಸರ್ವೆ ನಂಬರು ಓದಿ ಹೇಳಿ ಸಹಿ ಪಡೆದರೆ 40 ಕೆಲಸದ ದಿನ ಸಾಕು. ಜನವರಿಯಲ್ಲಿ ಹಿಡಿದರೆ ಮಾರ್ಚಿಯೊಳಗೆ ಮುಗಿಯುತ್ತದೆ. ತೀರಿಹೋದ ಸದಸ್ಯರ ವಾರಸುದಾರರನ್ನು ಕರೆಸಿ ಅದನ್ನೂ ಇತ್ಯರ್ಥ ಮಾಡಬೇಕು. ಮಾರ್ಚ್ 31ರ ಶಿಲ್ಕು ತಾಳೆಯಾಗದೆ ಏಪ್ರಿಲ್ 1ರ ಆರಂಭದ ಶಿಲ್ಕನ್ನು ಯಂತ್ರಕ್ಕೆ ತುಂಬಬಾರದು.

ಪರೀಕ್ಷೆ ಸುಲಭದ್ದಾಗಬಾರದು

ಎರಡನೆಯದು ಪರೀಕ್ಷೆ. ಒಬ್ಬನಿಗೆ ಸಾಲ ಕೊಟ್ಟು, ಒಬ್ಬನಿಂದ ಕಟ್ಟಿಸಿಕೊಂಡು ತೋರಿಸಿದರೆ ಅದು ಪರೀಕ್ಷೆಯಲ್ಲ, ಪ್ರದರ್ಶನ. ಸಂಘದ ಒಂದು ನಿಜವಾದ ಗದ್ದಲದ ದಿನದ ವ್ಯವಹಾರವನ್ನೇ ಮತ್ತೆ ತುಂಬಿ ನೋಡಬೇಕು. ಅರ್ಧ ಸಾಲ ಕಟ್ಟಿದವನು, ಗಡುವಿನ ಕೊನೆಯ ದಿನ ಸಂಜೆ ಬಂದವನು, ಜಂಟಿ ಖಾತೆಯವನು, ಗೊಬ್ಬರದ ಚೀಲ ಮರಳಿಸಿದವನು, ತಪ್ಪು ನಮೂದಿನ ತಿದ್ದುಪಡಿ, ನಮೂದಿನ ನಡುವೆ ಹೋದ ಕರೆಂಟು, ಇವೆಲ್ಲವನ್ನೂ ಯಂತ್ರ ತಡೆದುಕೊಳ್ಳಬೇಕು. ಒಕ್ಕಲುತನದ ಕೈಗಳ ಬೆರಳಚ್ಚು ಸವೆದಿರುತ್ತದೆ. ಅದು ಮೂಡದಿದ್ದರೆ ಬದಲಿ ದಾರಿ ಏನೆಂಬುದನ್ನೂ ಆಗಲೇ ಗೊತ್ತು ಮಾಡಬೇಕು.

ಪರೀಕ್ಷೆಗೆ ಆರಿಸುವ ಸಂಘಗಳೂ ಬಗೆಬಗೆಯಾಗಿರಲಿ. ಗಂಗಾವತಿಯ ಕಾಲುವೆ ನೀರಿನ ಭತ್ತದ ಸಂಘದಲ್ಲಿ ಸರಿಹೋದದ್ದು ಹನುಮಸಾಗರ, ತಾವರಗೇರಾ ಕಡೆಯ ಒಣಬೇಸಾಯದ ಸಂಘಕ್ಕೆ ಸರಿಹೋಗಬೇಕೆಂದೇನೂ ಇಲ್ಲ. ಸಾಲದ ಹಂಗಾಮು ಬೇರೆ, ಬೆಳೆ ಬೇರೆ, ಫೋನಿನ ಸಿಗ್ನಲ್ಲೂ ಬೇರೆ. ಗೊಬ್ಬರ ಮಾರಾಟದ ಬೆರಳಚ್ಚು ಯಂತ್ರಗಳನ್ನು ಕೆಲವು ಜಿಲ್ಲೆಗಳಲ್ಲಿ ಮೊದಲು ಪ್ರಯೋಗಿಸಿ, 2018ರ ಮಾರ್ಚ್ ವೇಳೆಗೆ ದೇಶದಲ್ಲೆಲ್ಲ ಜಾರಿಗೆ ತಂದದ್ದು ನೆನಪಿರಬಹುದು. ಕ್ರಮ ಅದೇ ಸರಿ. ಆದರೂ ಯಂತ್ರದಲ್ಲಿನ ಚೀಲದ ಲೆಕ್ಕಕ್ಕೂ ಗೋದಾಮಿನ ಚೀಲದ ಲೆಕ್ಕಕ್ಕೂ ಆಗಾಗ ತಾಳೆ ನೋಡುವ ಕೆಲಸ ಇಂದಿಗೂ ತಪ್ಪಿಲ್ಲ.

ಎರಡೂ ಲೆಕ್ಕ ಕೆಲಕಾಲ ಜೊತೆಗಿರಲಿ

ಮೂರನೆಯದು ಜಾರಿ. ಏಪ್ರಿಲಿನಿಂದ ಮುಂಗಾರು ಸಾಲ ವಿತರಣೆ ಮುಗಿಯುವವರೆಗೆ ಕೈಬರಹದ ಪುಸ್ತಕ ಮತ್ತು ಯಂತ್ರ ಎರಡೂ ನಡೆಯಬೇಕೆಂಬುದು ನಮ್ಮ ಸಲಹೆ. ಎತ್ತಿನ ಜೋಡಿಯಲ್ಲಿ ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೇ ಹೂಡುತ್ತಾರಲ್ಲವೆ? ದಿನದ ಕೊನೆಗೆ ಮೂರು ಮೊತ್ತಗಳು ಹೊಂದಬೇಕು: ಕೈಯಲ್ಲಿನ ನಗದು, ಸಾಲದ ಒಟ್ಟು ಬಾಕಿ, ಗೋದಾಮಿನ ಚೀಲ. ಹೊಂದದ ದಿನ ಪುಸ್ತಕವೇ ಪ್ರಮಾಣ. ಸತತ ಮೂರು ತಿಂಗಳು ತಾಳೆಯಾದರೆ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ವರದಿ ಇಟ್ಟು, ಸದಸ್ಯರ ಮುಂದೆ ಕೈಪುಸ್ತಕವನ್ನು ಮುಚ್ಚಬಹುದು. ಹಿಂಗಾರಿನ ಸಾಲ ಯಂತ್ರದ ಮೇಲೆಯೇ ನಡೆಯಲಿ. ತಾಳೆಯಾಗದಿದ್ದರೆ ಇನ್ನೊಂದು ಹಂಗಾಮು ಕಾಯುವುದರಲ್ಲಿ ಅವಮಾನವಿಲ್ಲ. ಜೂನ್ ತಿಂಗಳ ಹದ ಮಳೆಯ ಮರುದಿನ ಹಳೆಯದನ್ನು ನಿಲ್ಲಿಸಿ ಹೊಸದನ್ನು ಆರಂಭಿಸುವುದು ಮಾತ್ರ ಎಂದಿಗೂ ಬೇಡ.

ಇದರಿಂದ ಕಾರ್ಯದರ್ಶಿಗೆ ಇಮ್ಮಡಿ ಕೆಲಸ ಬೀಳುತ್ತದೆಂಬ ಆಕ್ಷೇಪಣೆ ಬರುತ್ತದೆ. ಅದು ನ್ಯಾಯವಾದ ಮಾತು. ಎಷ್ಟೋ ಸಂಘಗಳಲ್ಲಿ ಸಾಲ ಬರೆಯುವವನೂ, ಗೊಬ್ಬರ ಅಳೆಯುವವನೂ, ಪಡಿತರ ಹಂಚುವವನೂ ಒಬ್ಬನೇ. ಆದ್ದರಿಂದ ಆ ಐದಾರು ತಿಂಗಳಿಗೆ ಊರಿನ ಓದಿದ ಹುಡುಗನನ್ನೋ ಹುಡುಗಿಯನ್ನೋ ಗೌರವಧನದ ಮೇಲೆ ತೆಗೆದುಕೊಳ್ಳಲು ಆಡಳಿತ ಮಂಡಳಿ ಮುಂಚಿತವಾಗಿಯೇ ಹಣ ತೆಗೆದಿಡಬೇಕು. ತರಬೇತಿಯೂ ಕಾರ್ಯದರ್ಶಿಯೊಬ್ಬರಿಗೇ ಆದರೆ ಸಾಲದು. ಅವರು ಜ್ವರದಲ್ಲಿ ಮಲಗಿದ ದಿನ ಸಂಘದ ಬಾಗಿಲು ಮುಚ್ಚಬಾರದು.

ಜಾರಿಯಾದ ಮೇಲೆ ಯಾರು ದಿಕ್ಕು?

ನಾಲ್ಕನೆಯದು ನೆರವು. ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲಿಯೇ. ಉದ್ಘಾಟನೆಯ ದಿನ ಹತ್ತು ಜನ ಅಧಿಕಾರಿಗಳು. ಯಂತ್ರ ಕೆಟ್ಟ ದಿನ ಒಬ್ಬರೂ ಇಲ್ಲ. 1970ರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದ ವಿಸ್ತರಣೆಯಲ್ಲಿ ‘ತರಬೇತಿ ಮತ್ತು ಭೇಟಿ’ ಪದ್ಧತಿ ಬಂದಿತು. ಹದಿನೈದು ದಿನಕ್ಕೊಮ್ಮೆ, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಊರಿಗೆ ಕಾರ್ಯಕರ್ತ ಬರಬೇಕು. ಅವನಿಗೂ ಮೇಲಿನವರಿಂದ ಕಾಲಕಾಲಕ್ಕೆ ತರಬೇತಿ ಸಿಗಬೇಕು. ಆ ಪದ್ಧತಿಯಲ್ಲಿ ಕೊರತೆಗಳಿದ್ದವು. ಆದರೆ ಯಾವ ದಿನ ಯಾರು ಬರುತ್ತಾರೆಂದು ರೈತನಿಗೆ ತಿಳಿದಿರಬೇಕೆಂಬ ಅದರ ತಿರುಳು ಇಂದಿಗೂ ಸರಿ. ಸಂಘದ ಯಂತ್ರಕ್ಕೂ ಇಂಥ ನಿಗದಿತ ಭೇಟಿ ಬೇಕು. ಮೊದಲ ಆರು ತಿಂಗಳಂತೂ ತಪ್ಪಬಾರದು.

ಸಂಘದ ಗೋಡೆಯ ಮೇಲೆ ನೆರವಿನ ಫೋನ್ ನಂಬರು ಬರೆದಿರಲಿ. ಒಂದು ದೂರು ಪುಸ್ತಕವಿರಲಿ; ದೂರು ಬಂದ ದಿನ, ಉತ್ತರ ಬಂದ ದಿನ ಎರಡೂ ಅದರಲ್ಲಿ ದಾಖಲಾಗಲಿ. ಆಡಳಿತ ಮಂಡಳಿ ಪ್ರತಿ ಸಭೆಯಲ್ಲಿ ಅದನ್ನು ನೋಡಲಿ. ಸಿಗ್ನಲ್ ಇಲ್ಲದ ದಿನಕ್ಕಾಗಿ ಕ್ರಮಸಂಖ್ಯೆ ಇರುವ ಕೈರಸೀದಿ ಪುಸ್ತಕ ಇರಲಿ. ಕಟ್ಟಿದ ಹಣಕ್ಕೆ ಕೈರಸೀದಿಯ ದಿನಾಂಕವೇ ಲೆಕ್ಕಕ್ಕೆ ಹಿಡಿಯತಕ್ಕದ್ದು, ಯಂತ್ರಕ್ಕೆ ತುಂಬಿದ ದಿನಾಂಕವಲ್ಲ ಎಂದು ಸ್ಪಷ್ಟ ಠರಾವು ಆಗಲಿ.

ರೈತ ಬಾಂಧವರು ಮಾಡಬೇಕಾದ್ದು

ಇದೆಲ್ಲ ಅಧಿಕಾರಿಗಳ ಕೆಲಸವೆಂದು ಕೈಕಟ್ಟಿ ಕುಳಿತರೆ ಆಗದು. ಸಂಘ ಸರಕಾರದ್ದಲ್ಲ, ಸದಸ್ಯರದ್ದು. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅದು ನಿಂತದ್ದು, ಊರವರು ಊರವರ ಲೆಕ್ಕ ನೋಡುತ್ತಾರೆಂಬ ನಂಬಿಕೆಯ ಮೇಲೆ. ಯಂತ್ರ ಬಂದರೂ ಆ ಹೊಣೆ ಹೋಗುವುದಿಲ್ಲ.

ನಿಮ್ಮ ಸಂಘ ಯಾವ ಹಂತದಲ್ಲಿದೆಯೆಂದು ಮೊದಲು ಕೇಳಿ ತಿಳಿಯಿರಿ. ಯಂತ್ರ ಬಂದಿರಲಿ, ಬರಲಿರಲಿ, ನಿಮ್ಮ ಖಾತೆಯ ಶಿಲ್ಕನ್ನು ಬರೆಸಿಕೊಂಡು ಬನ್ನಿ. ಆಧಾರ್, ಪಹಣಿ, ಸಂಘದ ಖಾತೆ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಹಳೆಯ ರಸೀದಿಗಳನ್ನು ಹರಿಯದೆ ಒಂದು ಚೀಲದಲ್ಲಿ ಜೋಪಾನ ಮಾಡಿ. ಹಣ ಕಟ್ಟಿದಾಗ ಅಚ್ಚಾದ ರಸೀದಿ ಪಡೆದು ಮೊತ್ತ, ದಿನಾಂಕ ಓದಿಸಿಕೊಂಡೇ ಹೊರಡಿ. ಬೆಳೆ ವಿಮೆಯ ರಸೀದಿಯಲ್ಲಿ ಬೆಳೆಯ ಹೆಸರು, ಸರ್ವೆ ನಂಬರು ಸರಿಯಾಗಿವೆಯೇ ನೋಡಿ. ಫೋನಿಗೆ ಬಂದ ಗುಪ್ತ ಸಂಖ್ಯೆಯನ್ನು ಯಾರು ಫೋನು ಮಾಡಿ ಕೇಳಿದರೂ ಕೊಡಬೇಡಿ. ಓದು ಬಾರದ ನೆರೆಯವರಿಗೆ, ಅದರಲ್ಲೂ ಮನೆಯ ಹೆಣ್ಣುಮಕ್ಕಳ ಹೆಸರಿನ ಖಾತೆಗಳಿಗೆ, ವಾಚನಾಲಯದ ತರುಣರು ಈ ಕೆಲಸ ಮಾಡಿಕೊಡಲಿ.

ಆಡಳಿತ ಮಂಡಳಿಗೆ ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಪುಸ್ತಕ ಹಸನಾಯಿತೇ? ಪರೀಕ್ಷೆ ಯಾರು ಮಾಡಿದರು, ಏನು ಕಂಡರು? ಹಳೆಯ ಲೆಕ್ಕ ನಿಲ್ಲಿಸುವ ದಿನವನ್ನು ಯಾವ ಆಧಾರದ ಮೇಲೆ ಗೊತ್ತು ಮಾಡಿದಿರಿ? ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ? ಈ ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಕೈಯೆತ್ತಿ ಒಪ್ಪಿಗೆ ಕೊಡಿ. ಸಿಗದಿದ್ದರೆ, ಸಿಗುವವರೆಗೆ ಕೈಪುಸ್ತಕವನ್ನು ಮುಚ್ಚಗೊಡಬೇಡಿ.