ಕೊನೆಯ ದಿನದ ಕೊನೆಯ ಮುಳುಗು

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಂಡ ಮೇಲೆ ಮುಂಬಯಿಯ ಕನ್ನಡಿಗರಿಗೆ ಗೋಕರ್ಣ, ಮುರುಡೇಶ್ವರಗಳ ಕಡಲತೀರ ಒಂದು ರಾತ್ರಿಯ ಪ್ರಯಾಣದಷ್ಟು ಸಮೀಪವಾಗಿದೆ. ಮಕ್ಕಳ ರಜೆಯಲ್ಲಿ ಸಂಸಾರಸಮೇತ ಹೋಗಿಬರುವುದು ಮೆಚ್ಚತಕ್ಕ ಪದ್ಧತಿಯೇ ಸರಿ. ಆದರೆ ಹೊರಡುವ ದಿನ ಅನೇಕರಲ್ಲಿ ಒಂದು ಆಸೆ ಮೂಡುತ್ತದೆ: ಗಾಡಿಗೆ ಇನ್ನೂ ಎರಡು ಗಂಟೆಯಿದೆ, ಖರ್ಚಿಗೆ ಪೂರ್ತಿ ವಸೂಲಿಯಾಗಲಿ, ಇನ್ನೊಮ್ಮೆ ನೀರಿಗಿಳಿಯೋಣ! ಆ ಹೊತ್ತಿಗೆ ತಾಯಿ ಗಂಟುಮೂಟೆ ಕಟ್ಟುತ್ತಿರುತ್ತಾಳೆ, ತಂದೆ ವಸತಿಗೃಹದ ಲೆಕ್ಕ ಚುಕ್ತಾ ಮಾಡುತ್ತಿರುತ್ತಾನೆ. ಮಕ್ಕಳ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ಸಮುದ್ರಕ್ಕೆ ಯಾರ ರಜೆಯ ಲೆಕ್ಕವೂ ಇಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಹಲವು ವೇಳೆ ಈ ಸೆಳೆತದ ಜಾಗ. ಸಿಕ್ಕಿಕೊಂಡವರು ಸೆಳೆತಕ್ಕೆ ಎದುರಾಗಿ ಈಜಿ ದಣಿಯಬಾರದು. ತೇಲುತ್ತ ಕೈಯೆತ್ತಿ ಸಹಾಯ ಕೋರಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ದಡದಲ್ಲಿರುವವರು ತಾವೂ ಧುಮುಕದೆ ಹಗ್ಗವನ್ನೋ ಮುಚ್ಚಳವಿರುವ ಖಾಲಿ ಡಬ್ಬವನ್ನೋ ಎಸೆಯಬೇಕು.

ಹೊರಡುವ ದಿನ ಕಡಲಿಗೆ ದಡದಿಂದಲೇ ಕೈಮುಗಿಯುವುದು ಲೇಸು. ಉಳಿದ ಮುಳುಗು ಮುಂದಿನ ರಜೆಯ ಖಾತೆಗೆ ಜಮೆಯಾಗಲಿ.